ಸೋಲಾರ್ ಹಾಕಿಸುವ ಮುಂಚೆ: ಯಾರ ಕೈಲಿ ಹಾಕಿಸ್ಬೇಕು?

(ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ ಚರ್ಚಿಸಲು)



ಇತ್ತೀಚೆಗೆ ನಾವು ಸಂಘಗಳ ಭೇಟಿಗೆ ಹೋದ ಕಡೆಯಲ್ಲೆಲ್ಲ ಒಂದು ಮಾತು ಕೇಳಿಬರುತ್ತಿದೆ. “ಸಿಸ್ಟರ್, ಮನೆಗೆ ಸೋಲಾರ್ ಹಾಕಿಸ್ಬೇಕು ಅಂತಿದ್ದೀವಿ, ಸಂಘದಿಂದ ಸಾಲ ಕೊಡ್ತಾರಾ?” ಸಾಲ ಕೊಡಬಹುದು. ಮಲೆನಾಡಿನಲ್ಲಿ ಮಳೆಗಾಲ ಬಂದರೆ ಮರ ಬಿದ್ದು ತಂತಿ ಹರಿದು ಎರಡು ಮೂರು ದಿನ ಕರೆಂಟ್ ಇಲ್ಲದೆ ಕೂರುವುದು ನಮಗೇನೂ ಹೊಸದಲ್ಲ. ಮಕ್ಕಳ ಓದು, ಹೊಲಿಗೆ ಕೆಲಸ, ಮೊಬೈಲ್ ಚಾರ್ಜ್ ಎಲ್ಲದಕ್ಕೂ ತೊಂದರೆ. ಹಾಗಾಗಿ ಆಸೆ ತಪ್ಪಲ್ಲ. ಆದರೆ “ಯಾರ ಕೈಲಿ ಹಾಕಿಸ್ತೀರಿ?” ಅಂತ ನಾವು ತಿರುಗಿ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ ಥರ ಇರುತ್ತದೆ. “ಯಾರೋ ಮನೆ ಹತ್ರ ಬಂದಿದ್ರು, ಒಳ್ಳೆ ಮನುಷ್ಯ ಕಾಣ್ತಾರೆ.”

ಸೀರೆ ತಗೊಳ್ಳುವಾಗ ನಾಲ್ಕು ಅಂಗಡಿ ಹತ್ತಿ ಇಳಿಯುವ ನಾವು, ಅರವತ್ತು ಸಾವಿರದ ಸಾಮಾನನ್ನು ಅಂಗಳದಲ್ಲಿ ನಿಂತು ಹತ್ತು ನಿಮಿಷದಲ್ಲಿ ಒಪ್ಪಿಕೊಂಡುಬಿಡುತ್ತೇವೆ. ಈ ಪಾಠ ಅದರ ಬಗ್ಗೆ.

ಒಂದು ಮನೆಯ ಕಥೆ

ನಮ್ಮ ಸಂಘವೊಂದರಲ್ಲಿ ಹೊಲಿಗೆ ಮಾಡುವ ಒಬ್ಬ ಅಕ್ಕ ಇದ್ದಾರೆ. ಹೆಂಚಿನ ಮನೆ, ಸುತ್ತ ಕಾಫಿ ತೋಟ. ಸಂಘದ ಆಂತರಿಕ ಸಾಲದಿಂದ 60,000 ರೂಪಾಯಿ ತೆಗೆದು ಎರಡು ಪ್ಯಾನೆಲ್, ಒಂದು ಇನ್ವರ್ಟರ್, ಒಂದು ದೊಡ್ಡ ಬ್ಯಾಟರಿ ಹಾಕಿಸಿದರು. ಹಾಕಿದವರು ಪಕ್ಕದ ತಾಲೂಕಿನವರು, ಯಾರೋ ನೆಂಟರಿಗೆ ಪರಿಚಯ. ಮೊದಲ ಬೇಸಿಗೆ ಚೆನ್ನಾಗಿ ನಡೆಯಿತು. ಅಕ್ಕ ಸಭೆಯಲ್ಲಿ ನಿಂತು ಎಲ್ಲರಿಗೂ ಹೇಳಿದರು, ಇನ್ನೂ ಇಬ್ಬರು ಸಾಲದ ಅರ್ಜಿ ಬರೆದರು. ಮಳೆಗಾಲ ಕಳೆಯಿತು. ಎರಡನೇ ಮಳೆಗಾಲಕ್ಕೆ ರಾತ್ರಿ ಅರ್ಧ ಗಂಟೆ ದೀಪ ಉರಿದು ‘ಪೀಂ’ ಅಂತ ಶಬ್ದ ಮಾಡಿ ಎಲ್ಲ ಆಫ್. ಹಾಕಿದವರ ಫೋನ್ ಮೊದಲು ‘ಬ್ಯುಸಿ’, ಆಮೇಲೆ ‘ಸ್ವಿಚ್ ಆಫ್’.

ಅಕ್ಕ ಬ್ಯಾಟರಿ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರು. ಅಲ್ಲಿ ಕೇಳಿದ್ದು ಬಿಲ್ಲು ಮತ್ತು ವಾರಂಟಿ ಕಾರ್ಡು. ಅಕ್ಕನ ಹತ್ತಿರ ಇದ್ದದ್ದು ಒಂದು ಬಿಳಿ ಚೀಟಿ. ‘ಸೋಲಾರ್ ಸೆಟ್ 1’ ಅಂತ ಬರೆದು ಮೊತ್ತ ಹಾಕಿತ್ತು, ಅಷ್ಟೆ. ವಾರಂಟಿ ಕಾರ್ಡಿನಲ್ಲಿ ತಾರೀಖು ಇಲ್ಲ, ಅಂಗಡಿಯ ಸೀಲಿಲ್ಲ. ಅವರು ಕೈಯಾಡಿಸಿಬಿಟ್ಟರು. ಮನೆಗೆ ಬಂದರೆ ಇನ್ನೂ 14 ಕಂತು ಬಾಕಿ. ದೀಪ ಆರಿತು ಅಂತ ಕಂತು ನಿಲ್ಲುವುದಿಲ್ಲವಲ್ಲ. ಅದು ಹತ್ತು ಹನ್ನೆರಡು ಜನ ಸದಸ್ಯೆಯರು ವಾರವಾರ ಹಾಕಿದ ಉಳಿತಾಯದ ದುಡ್ಡು.

ಆಮೇಲೆ ನಾವು ಬೇರೆ ಒಬ್ಬ ಅನುಭವಸ್ಥ ಟೆಕ್ನೀಶಿಯನ್ನರನ್ನು ಕರೆದುಕೊಂಡು ಹೋದೆವು. ಅವರು ಮೊದಲು ಬ್ಯಾಟರಿ ಮುಟ್ಟಲಿಲ್ಲ. ಅಂಗಳದಲ್ಲಿ ನಿಂತು ಮಾಡನ್ನು ನೋಡಿ, “ಮಧ್ಯಾಹ್ನದ ಮೇಲೆ ಆ ಸಿಲ್ವರ್ ಮರದ ನೆರಳು ಎಲ್ಲಿ ಬೀಳುತ್ತೆ?” ಅಂತ ಕೇಳಿದರು. ಅಕ್ಕನಿಗೆ ಕೂಡಲೇ ಅರ್ಥವಾಯಿತು. ಪ್ಯಾನೆಲ್ ಕೂತದ್ದು ಪಶ್ಚಿಮದ ಮಾಡಿನ ಮೇಲೆ, ನೆರಳು ಸರಿಯಾಗಿ ಅದರ ಮೇಲೆಯೇ. ಒಂದು ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಅದರ ಉತ್ಪಾದನೆ ಬಹಳ ಇಳಿಯುತ್ತದೆ. ಬ್ಯಾಟರಿ ದಿನಾ ಅರೆಹೊಟ್ಟೆ. ಸೀಸದ ಬ್ಯಾಟರಿ ತಿಂಗಳುಗಟ್ಟಲೆ ಪೂರ್ತಿ ಚಾರ್ಜ್ ಆಗದೆ ಇದ್ದರೆ ಒಳಗಿನ ಪ್ಲೇಟುಗಳ ಮೇಲೆ ಬಿಳಿ ಪೊರೆಯಂತೆ ಗಟ್ಟಿಕಟ್ಟಿ, ಮತ್ತೆ ಚಾರ್ಜ್ ಹಿಡಿಯುವ ಶಕ್ತಿಯೇ ಹೋಗುತ್ತದೆ. ಜೊತೆಗೆ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು ಅಂತ ಯಾರೂ ಅಕ್ಕನಿಗೆ ಹೇಳಿರಲಿಲ್ಲ.

ಹಾಕಿದವರು ಮೋಸಗಾರರೇ? ನಮಗೆ ಹಾಗೆ ಅನಿಸಲಿಲ್ಲ. ಪ್ಯಾನೆಲ್ ಒಳ್ಳೆಯದೇ, ಬ್ಯಾಟರಿಯೂ ಒಳ್ಳೆಯ ಕಂಪನಿಯದ್ದೇ. ಅವರು ಮಾಡು ನೋಡಲಿಲ್ಲ, ಮರ ನೋಡಲಿಲ್ಲ, ಮನೆಯವರಿಗೆ ಹೇಳಿಕೊಡಲಿಲ್ಲ, ಕರೆದಾಗ ಬರಲಿಲ್ಲ. ಸಾಮಾನು ಒಳ್ಳೆಯದಿದ್ದರೂ ಹಾಕುವವರು ಸರಿಯಿಲ್ಲದಿದ್ದರೆ ದುಡ್ಡು ನೀರುಪಾಲು. ಹಾಗಾಗಿ ನಾವು ಕಂಪನಿಯ ಹೆಸರಿಗಿಂತ ಹಾಕುವವರ ಬಗ್ಗೆಯೇ ಹೆಚ್ಚು ಮಾತಾಡುತ್ತೇವೆ.

ಮೊದಲು: ನಿಮಗೆ ಬೇಕಾದ್ದು ಯಾವ ಸೋಲಾರ್?

ಇದು ಗೊತ್ತಿಲ್ಲದೆ ಹಾಕುವವರ ಹತ್ತಿರ ಹೋದರೆ ಅವರು ತಮ್ಮ ಹತ್ತಿರ ಇರುವುದನ್ನು ನಮಗೆ ಮಾರುತ್ತಾರೆ. ಮುಖ್ಯವಾಗಿ ಎರಡು ಥರ ಇದೆ.

ಒಂದು, ಆನ್‌ಗ್ರಿಡ್. ತಾರಸಿಯ ಪ್ಯಾನೆಲ್‌ನಿಂದ ಬಂದ ಕರೆಂಟ್ ಮನೆಗೆ ಬಳಕೆಯಾಗಿ, ಹೆಚ್ಚಾದದ್ದು ಮೆಸ್ಕಾಂ, ಬೆಸ್ಕಾಂ ಅಥವಾ ನಿಮ್ಮ ಕಡೆಯ ಕಂಪನಿಯ ಲೈನಿಗೆ ಹೋಗುತ್ತದೆ. ಎರಡು ಕಡೆಗೂ ಲೆಕ್ಕ ಇಡುವ ಮೀಟರ್ ಕೂರಿಸುತ್ತಾರೆ. ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋದರೆ ಇದೂ ನಿಂತುಹೋಗುತ್ತದೆ! ಲೈನ್ ರಿಪೇರಿ ಮಾಡಲು ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೇ ಇನ್ವರ್ಟರ್ ತಾನೇ ಬಂದ್ ಆಗುವ ಹಾಗೆ ಮಾಡಿದ್ದಾರೆ. ಇದು ದೋಷವಲ್ಲ, ಸುರಕ್ಷತೆಯ ನಿಯಮ. ನಾಚಿಕೆಯಿಲ್ಲದೆ ಹೇಳುತ್ತೇವೆ, ನಮ್ಮ ಕಾನ್ವೆಂಟಿನಲ್ಲಿಯೇ ಹೀಗಾಯಿತು. ಆನ್‌ಗ್ರಿಡ್ ಹಾಕಿಸಿದ ವಾರದಲ್ಲಿ ಗಾಳಿಮಳೆಗೆ ಕರೆಂಟ್ ಹೋಯಿತು. ಮಾಡಿನ ತುಂಬ ಪ್ಯಾನೆಲ್, ಒಳಗೆ ಮೇಣದ ಬತ್ತಿ. ಹಿರಿಯ ಸಿಸ್ಟರೊಬ್ಬರು “ಇದಕ್ಕಾ ಅಷ್ಟು ಖರ್ಚು ಮಾಡಿದ್ದು?” ಅಂತ ಕೇಳಿದಾಗ ನಮ್ಮಲ್ಲಿ ಉತ್ತರ ಇರಲಿಲ್ಲ. ನಾವು ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ಹಾಕಿದವರೂ ಬಾಯಿಬಿಟ್ಟು ಹೇಳಲಿಲ್ಲ.

ಇನ್ನೊಂದು, ಬ್ಯಾಟರಿ ಇರುವ ಸೋಲಾರ್. ಹಗಲು ಬ್ಯಾಟರಿಗೆ ತುಂಬಿ, ಕರೆಂಟ್ ಇಲ್ಲದಾಗ ಅದರಿಂದ ಬಳಸುವುದು. ಎರಡನ್ನೂ ಸೇರಿಸಿದ ಹೈಬ್ರಿಡ್ ಅಂತಲೂ ಬಂದಿದೆ, ಅದಕ್ಕೆ ಖರ್ಚು ಜಾಸ್ತಿ.

ಈಗ ನಿಮ್ಮ ಕರೆಂಟ್ ಬಿಲ್ ತೆಗೆದು ನೋಡಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಸದಸ್ಯೆಯರಲ್ಲಿ ಅನೇಕರಿಗೆ ಬಿಲ್ ಸೊನ್ನೆ ಬರುತ್ತಿದೆ. ಬಿಲ್ಲೇ ಇಲ್ಲದ ಮನೆಗೆ ಬಿಲ್ ಉಳಿಸುವ ಆನ್‌ಗ್ರಿಡ್ ಹಾಕಿಸಿ ಏನು ಪ್ರಯೋಜನ? ನಿಮ್ಮ ಕಷ್ಟ ಬಿಲ್ಲಿನದೋ, ಕರೆಂಟ್ ಹೋಗುವುದೋ ಎಂದು ಮೊದಲು ತೀರ್ಮಾನ ಮಾಡಿ. ಹಿಟ್ಟಿನ ಗಿರಣಿ, ಅಂಗಡಿ, ದೊಡ್ಡ ಫ್ರಿಜ್ ಇಟ್ಟುಕೊಂಡು ಬಿಲ್ ಕಟ್ಟುವವರ ಮಾತು ಬೇರೆ.

ಸಬ್ಸಿಡಿ ಬಗ್ಗೆ ಒಂದು ಮಾತು

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ‘ಪಿಎಂ ಸೂರ್ಯಘರ್’ ಯೋಜನೆ ಆರಂಭಿಸಿತು. ಹೆಸರಿನಲ್ಲಿ ‘ಮುಫ್ತ್ ಬಿಜ್ಲಿ’ ಅಂತ ಇರುವುದರಿಂದ ಪ್ಯಾನೆಲ್ಲೇ ಉಚಿತ ಎಂದು ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಯೋಜನೆಯಲ್ಲಿ ಗೊತ್ತುಮಾಡಿದ ಸಹಾಯಧನ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು 78,000 ರೂಪಾಯಿ. ಉಳಿದದ್ದು ನಮ್ಮ ಕೈಯಿಂದ ಅಥವಾ ಸಾಲದಿಂದ. ಇದು ಲೈನಿಗೆ ಸೇರಿಸುವ ಘಟಕಕ್ಕೆ ಮಾತ್ರ. ಬ್ಯಾಟರಿಗೆ ಸಬ್ಸಿಡಿ ಇಲ್ಲ.

ಇದರಲ್ಲಿ ನಾವು ಹುಷಾರಾಗಿರಬೇಕಾದ ಜಾಗ ಒಂದಿದೆ. ಸಬ್ಸಿಡಿ ದುಡ್ಡು ಬರುವುದು ಹಾಕಿದವರಿಗಲ್ಲ. ಕೆಲಸ ಮುಗಿದು, ವಿದ್ಯುತ್ ಕಂಪನಿಯವರು ಬಂದು ನೋಡಿ, ಮೀಟರ್ ಕೂರಿಸಿದ ಮೇಲೆ ಅರ್ಜಿದಾರರ ಬ್ಯಾಂಕ್ ಖಾತೆಗೇ ನೇರ ಬರುತ್ತದೆ. ಅರ್ಜಿ ಹಾಕುವುದು ಸರ್ಕಾರದ ಪೋರ್ಟಲ್‌ನಲ್ಲಿ, ಅಲ್ಲಿ ನೋಂದಾಯಿಸಿದವರ ಪಟ್ಟಿಯಿಂದ ಹಾಕುವವರನ್ನು ಆರಿಸಿಕೊಳ್ಳಬೇಕು. “ನಾನು ಲಿಸ್ಟಲ್ಲಿದ್ದೀನಿ” ಎಂದು ಬಾಯಲ್ಲಿ ಹೇಳಿದರೆ ಸಾಲದು. ಓದಿದ ಮಗಳಿಂದಲೋ ಮಗನಿಂದಲೋ ಪೋರ್ಟಲ್ ತೆರೆಸಿ ಹೆಸರು ಇದೆಯಾ ನೋಡಿ. ಅರ್ಜಿ ತುಂಬಲು ಅವರೇ ಸಹಾಯ ಮಾಡಿದರೂ, ಮೊಬೈಲಿಗೆ ಬಂದ ಓಟಿಪಿ ಕೇಳಿದ ಕೂಡಲೇ ಹೇಳಿಬಿಡಬೇಡಿ. ಏತಕ್ಕೆ ಅಂತ ಕೇಳಿ, ಪರದೆ ನೋಡಿ, ನೀವೇ ಹಾಕಿ. ಬ್ಯಾಂಕ್ ಸಾಲ ನಿಮ್ಮ ಹೆಸರಿನಲ್ಲಿದ್ದರೆ ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಯಾವುದೂ ಬೇಡ. ಆರ್.ಆರ್. ನಂಬರ್ ಮಾವನ ಹೆಸರಿನಲ್ಲೋ, ತೀರಿಕೊಂಡವರ ಹೆಸರಿನಲ್ಲೋ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಅರ್ಧ ಜನರ ಅರ್ಜಿ ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ ಅಂತ ನಮ್ಮ ಅನುಭವ. ಗೃಹಜ್ಯೋತಿ ಪಡೆಯುತ್ತಿರುವವರು ಅರ್ಜಿ ಹಾಕುವ ಮುಂಚೆ ಸಬ್‌ಡಿವಿಜನ್ ಕಚೇರಿಗೆ ಹೋಗಿ ನಿಮ್ಮ ಮೀಟರ್‌ಗೆ ಏನಾಗುತ್ತದೆ ಎಂದು ಕೇಳಿಕೊಂಡು ಬನ್ನಿ.

ಈ ಯೋಜನೆಯಲ್ಲಿ ಒಂದು ಒಳ್ಳೆಯ ಅಂಶ, ಹಾಕಿದವರು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕು. ಅದನ್ನು ಒಪ್ಪಂದದ ಕಾಗದದಲ್ಲಿ ಬರೆಸಿಕೊಳ್ಳಿ.

ನಿಮ್ಮ ಲೆಕ್ಕ ನೀವೇ ಹಾಕಿ

ಬ್ಯಾಟರಿ ಸೋಲಾರ್ ಹಾಕಿಸುವವರು ಒಂದು ಹಾಳೆ ತೆಗೆದುಕೊಳ್ಳಿ. ಕರೆಂಟ್ ಇಲ್ಲದ ದಿನ ಏನೇನು ಉರಿಯಬೇಕು, ಎಷ್ಟು ಗಂಟೆ, ಬರೆಯಿರಿ. ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿದರೆ ಆಯಿತು. ಮಗ್ಗಿ ಬರುವ ಯಾರಿಗೂ ಇದು ಕಷ್ಟವಲ್ಲ.

ನಮ್ಮ ಹೊಲಿಗೆ ಅಕ್ಕನ ಮನೆಯದ್ದೇ ನೋಡಿ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ಐದು ಗಂಟೆ, 180. ಹಳೇ ಫ್ಯಾನ್ ಒಂದು, 75 ವ್ಯಾಟ್, ಆರು ಗಂಟೆ, 450. ಟಿ.ವಿ. 60 ವ್ಯಾಟ್, ಮೂರು ಗಂಟೆ, 180. ಹೊಲಿಗೆ ಯಂತ್ರದ ಮೋಟಾರ್ 100 ವ್ಯಾಟ್, ಎರಡು ಗಂಟೆ, 200. ಮೊಬೈಲ್ ಚಾರ್ಜಿಗೆ 20. ಎಲ್ಲ ಕೂಡಿದರೆ 1,030. ಸಾವಿರಕ್ಕೆ ಒಂದು ಯೂನಿಟ್, ಹಾಗಾಗಿ ಒಂದು ಯೂನಿಟ್ ಅಂತ ಇಟ್ಟುಕೊಳ್ಳಿ.

ಈಗ ಬ್ಯಾಟರಿ. 12 ವೋಲ್ಟ್, 150 ಎ.ಎಚ್. ಅಂತ ಬರೆದಿರುತ್ತದೆ. ಗುಣಿಸಿದರೆ 1,800. ಆದರೆ ಸೀಸದ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ. ಬಳಸಲು ಸಿಗುವುದು 900. ಅಕ್ಕನಿಗೆ ಬೇಕಾದ್ದು 1,030. ನೋಡಿ, ಮೊದಲ ದಿನದಿಂದಲೇ ಸಾಲುತ್ತಿರಲಿಲ್ಲ! ಹಾಗಂತ ಇನ್ನೊಂದು ಬ್ಯಾಟರಿ ತರುವುದೇನೂ ಬೇಡ. ಹಳೇ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 450 ಇದ್ದದ್ದು 180 ಆಗುತ್ತದೆ. ಒಟ್ಟು 760ಕ್ಕೆ ಇಳಿಯಿತು. ಒಂದು ಬ್ಯಾಟರಿ ಸಾಕು.

ಲಿಥಿಯಂ ಬ್ಯಾಟರಿಯಾದರೆ ಹೆಚ್ಚು ಆಳದವರೆಗೆ ಬಳಸಬಹುದು, ನೀರು ಹಾಕುವ ಕೆಲಸವಿಲ್ಲ, ಬಾಳಿಕೆಯೂ ಹೆಚ್ಚು. ಬೆಲೆಯೂ ಹೆಚ್ಚು. ಮುಖ್ಯ ಏನೆಂದರೆ, ಅದಕ್ಕೆ ಹೊಂದುವ ಇನ್ವರ್ಟರ್ ಬೇಕು. ಹಳೇ ಇನ್ವರ್ಟರ್‌ಗೆ ಸುಮ್ಮನೆ ಲಿಥಿಯಂ ಜೋಡಿಸಿಕೊಡ್ತೀನಿ ಅನ್ನುವವರನ್ನು ನಂಬಬೇಡಿ. ಸೀಸದ್ದೇ ತಗೊಂಡರೆ ಸೋಲಾರ್‌ಗೆ ಎಂದೇ ಮಾಡಿದ ಟ್ಯೂಬುಲರ್ ಬ್ಯಾಟರಿ ಕೇಳಿ, ಅದರ ಮೇಲೆ ‘ಸಿ10’ ಅಂತ ಅಚ್ಚಾಗಿರುತ್ತದೆ.

ಪ್ಯಾನೆಲ್ ವಿಷಯ ಬೇಗ ಹೇಳಿ ಮುಗಿಸುತ್ತೇವೆ. ನಮ್ಮ ರಾಜ್ಯದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ, ಅದಕ್ಕೆ ಸುಮಾರು ನೂರು ಚದರಡಿ ಜಾಗ ಬೇಕು. ಜುಲೈ ತಿಂಗಳ ದಟ್ಟ ಮೋಡದ ದಿನ ಅದರಲ್ಲಿ ಕಾಲು ಭಾಗ ಬಂದರೂ ಪುಣ್ಯ. “ಮಳೆಯಲ್ಲೂ ಫುಲ್ ಚಾರ್ಜ್ ಆಗುತ್ತಕ್ಕ” ಎಂದು ಹೇಳುವವರು ಮಲೆನಾಡಿನ ಮಳೆ ನೋಡಿಲ್ಲ, ಇಲ್ಲವೇ ನಮಗೆ ಸುಳ್ಳು ಹೇಳುತ್ತಿದ್ದಾರೆ.

ಹಾಕುವವರನ್ನು ಹೇಗೆ ಪರೀಕ್ಷೆ ಮಾಡುವುದು?

ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೊ ಸಂಸ್ಥೆ ಹಳ್ಳಿ ಮನೆಗಳಿಗೆ ದೀಪ ಹಾಕುತ್ತಾ ಬಂತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬೆಂಬಲದಿಂದ ಕೆನರಾ ಬ್ಯಾಂಕ್ ಮತ್ತು ಆಗಿನ ಸಿಂಡಿಕೇಟ್ ಬ್ಯಾಂಕ್ ಕಡಿಮೆ ಬಡ್ಡಿಗೆ ಸೋಲಾರ್ ಸಾಲ ಕೊಟ್ಟಿದ್ದವು. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು, ಆಗ ಎರಡು ದೀಪ ನಾಲ್ಕು ದೀಪದ ಸೆಟ್ಟುಗಳು. ಅವುಗಳಲ್ಲಿ ಯಾವುದು ವರ್ಷಗಟ್ಟಲೆ ಉರಿಯಿತು, ಯಾವುದು ಅಟ್ಟ ಸೇರಿತು ಅಂತ ನಾವು ನೋಡಿದ್ದೇವೆ. ಹತ್ತಿರದ ಪೇಟೆಯಲ್ಲಿ ರಿಪೇರಿ ಮಾಡುವ ಹುಡುಗ ಇದ್ದ ಕಡೆ ಉರಿಯಿತು.

ಆದ್ದರಿಂದ ಮೊದಲ ಪ್ರಶ್ನೆ: “ಹಾಳಾದರೆ ಯಾರು ಬರ್ತಾರೆ, ಎಲ್ಲಿಂದ ಬರ್ತಾರೆ?” ಹತ್ತಿರದ ಪೇಟೆಯಲ್ಲಿ ಅವರ ಅಂಗಡಿ ಇದೆಯೇ? ಬಾಡಿಗೆ ಮಳಿಗೆಯಾದರೂ ಪರವಾಗಿಲ್ಲ, ಬೋರ್ಡು ಇದ್ದು ಮೂರು ನಾಲ್ಕು ವರ್ಷ ಅಲ್ಲೇ ಇದ್ದಾರಾ ನೋಡಿ. ಸಂತೆಗೆ ಹೋದಾಗ ಒಳಗೆ ಹೋಗಿ ಕೂತು ಬನ್ನಿ. ಬಿಡಿಭಾಗ ಇದೆಯಾ, ಇನ್ನೊಬ್ಬರು ರಿಪೇರಿಗೆ ತಂದ ಇನ್ವರ್ಟರ್ ಅಲ್ಲಿದೆಯಾ? ರಿಪೇರಿ ಸಾಮಾನು ಬಿದ್ದಿರುವ ಅಂಗಡಿ ನಮಗೆ ಒಳ್ಳೆಯ ಲಕ್ಷಣ. ಬರೇ ಫ್ಲೆಕ್ಸು, ಪಾಂಪ್ಲೆಟ್ ಇರುವ ಅಂಗಡಿ ಅಲ್ಲ.

ಎರಡನೆಯದಾಗಿ, ಅವರು ಎರಡು ವರ್ಷದ ಹಿಂದೆ ಹಾಕಿದ ಮೂರು ಮನೆಗಳ ವಿಳಾಸ ಕೇಳಿ. ಕಳೆದ ತಿಂಗಳು ಹಾಕಿದ್ದು ಬೇಡ, ಹೊಸದು ಎಲ್ಲ ಕಡೆಯೂ ಉರಿಯುತ್ತದೆ. ಎರಡು ಮಳೆಗಾಲ ಕಂಡ ಮನೆ ಬೇಕು. ಅಲ್ಲಿಗೆ ಇಬ್ಬರು ಸದಸ್ಯೆಯರು ಹೋಗಿ, ಯಜಮಾನರನ್ನಲ್ಲ, ಆ ಮನೆಯ ಹೆಂಗಸನ್ನು ಮಾತಾಡಿಸಿ. “ರಾತ್ರಿ ಎಷ್ಟು ಹೊತ್ತು ಉರಿಯುತ್ತೆ? ಹಾಳಾದಾಗ ಫೋನ್ ಮಾಡಿದ ಮೇಲೆ ಎಷ್ಟು ದಿನಕ್ಕೆ ಬಂದ್ರು? ದುಡ್ಡು ಕೇಳಿದ್ರಾ?” ಗಂಡಸರು ಹೆಚ್ಚಾಗಿ ಕಂಪನಿ ಹೆಸರು, ವ್ಯಾಟ್ ಎಲ್ಲ ಹೇಳುತ್ತಾರೆ. ಕತ್ತಲೆಯಲ್ಲಿ ಅಡಿಗೆ ಮಾಡಿದವಳಿಗೆ ಮಾತ್ರ ಅದು ಎಷ್ಟು ದಿನ ಕೆಟ್ಟು ಕೂತಿತ್ತು ಎನ್ನುವ ಲೆಕ್ಕ ಇರುತ್ತದೆ. ವಿಳಾಸ ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಡಿ.

ಮೂರನೆಯದು, ಬೆಲೆ ಹೇಳುವ ಮುಂಚೆ ಅವರು ಮನೆ ನೋಡಬೇಕು. ಮಾಡು ಹತ್ತಿದರಾ? ದಿಕ್ಕು ನೋಡಿದರಾ? ನಮ್ಮ ಕಡೆ ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ ಸ್ವಲ್ಪ ಇಳಿಜಾರಾಗಿ ಕೂರಬೇಕು. ತೆಂಗು, ಅಡಿಕೆ, ಸಿಲ್ವರ್ ಮರಗಳ ನೆರಳು ಬೆಳಿಗ್ಗೆ ಎಲ್ಲಿ, ಸಂಜೆ ಎಲ್ಲಿ ಅಂತ ಕೇಳಿದರಾ? ಹೆಂಚಿನ ಮನೆಯಾದರೆ ರೀಪು, ಪಕಾಸಿ ಗಟ್ಟಿ ಇದೆಯಾ, ಗೆದ್ದಲು ಹಿಡಿದಿದೆಯಾ ನೋಡಿದರಾ? ಹೆಂಚಿಗೆ ತೂತು ಕೊರೆದು ನಿಲ್ಲಿಸಿದರೆ ಮಳೆಗಾಲ ಪೂರ್ತಿ ಕೆಳಗೆ ಬಕೆಟ್ ಇಡಬೇಕಾಗುತ್ತದೆ. ಇಂಥ ಮನೆಗೆ ಅಂಗಳದಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಅದರ ಮೇಲೆ ಹಾಕುವುದೇ ಎಷ್ಟೋ ಸಲ ಮೇಲು. ಒಳ್ಳೆಯ ಕೆಲಸಗಾರ ಇದನ್ನು ತಾನಾಗಿಯೇ ಹೇಳುತ್ತಾನೆ. ಅರ್ಥಿಂಗ್ ಎಲ್ಲಿ ತೆಗೆಯುತ್ತೀರಿ, ಸಿಡಿಲಿಗೆ ಏನು ರಕ್ಷಣೆ ಕೊಡುತ್ತೀರಿ ಅಂತ ನೀವೇ ಕೇಳಿ. “ಅದೆಲ್ಲ ಬೇಡಕ್ಕ, ಖರ್ಚು ಜಾಸ್ತಿ ಆಗುತ್ತೆ” ಅಂದರೆ ಅವರು ನಿಮ್ಮ ಖರ್ಚು ಉಳಿಸುತ್ತಿಲ್ಲ.

ಇನ್ನೊಂದು ಚಿಕ್ಕ ಪರೀಕ್ಷೆ ಹೇಳುತ್ತೇವೆ. ನೀವು ಬರೆದ ಲೆಕ್ಕದ ಹಾಳೆಯನ್ನು ಅವರ ಕೈಗೆ ಕೊಡಿ. ಕೂತು ಓದಿ, “ಫ್ಯಾನ್ ಬದಲಾಯಿಸಿ, ಚಿಕ್ಕದು ಸಾಕಾಗುತ್ತೆ” ಎಂದವರನ್ನು ನಂಬಬಹುದು. ಹಾಳೆಯನ್ನು ನೋಡದೆ ಪಕ್ಕಕ್ಕಿಟ್ಟು ದೊಡ್ಡ ಸೆಟ್ಟಿನ ಬೆಲೆ ಹೇಳಿದವರಿಗೆ ಚಹಾ ಕೊಟ್ಟು ಕಳಿಸಿ.

ಕೊಟೇಶನ್, ಬಿಲ್ಲು, ದುಡ್ಡು

ಮೂರು ಕಡೆಯಿಂದ ಕೊಟೇಶನ್ ತರಿಸಿ. ‘ಸೋಲಾರ್ ಸೆಟ್, ಇಷ್ಟು ರೂಪಾಯಿ’ ಎಂದಿದ್ದರೆ ಅದು ಕೊಟೇಶನ್ ಅಲ್ಲ. ಪ್ಯಾನೆಲ್ ಯಾವ ಕಂಪನಿ, ಎಷ್ಟು ವ್ಯಾಟ್, ಎಷ್ಟು, ಇನ್ವರ್ಟರ್ ಯಾವುದು, ಬ್ಯಾಟರಿ ಯಾವುದು, ಸ್ಟ್ಯಾಂಡು, ವೈರು, ಅರ್ಥಿಂಗ್, ಕೂಲಿ, ತೆರಿಗೆ ಎಲ್ಲ ಬೇರೆಬೇರೆ ಬರೆದಿರಬೇಕು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು. ಹಳೇ ದರದಲ್ಲಿ ಬರೆದಿದ್ದರೆ ಕೇಳಿ. ಎಲ್ಲಕ್ಕಿಂತ ಕಡಿಮೆ ಹೇಳಿದವರು ಏನನ್ನು ಬಿಟ್ಟಿದ್ದಾರೆ ಅಂತ ನೋಡಿ. ಸಾಮಾನ್ಯವಾಗಿ ಅರ್ಥಿಂಗ್ ಬಿಟ್ಟಿರುತ್ತಾರೆ, ಇಲ್ಲವೇ ತೆಳು ವೈರು.

ವಾರಂಟಿ ಅಂತ ಒಂದೇ ಮಾತಿನಲ್ಲಿ ಹೇಳುವುದನ್ನು ಒಪ್ಪಬೇಡಿ. “25 ವರ್ಷ ವಾರಂಟಿ” ಎನ್ನುವುದು ಪ್ಯಾನೆಲ್ ಎಷ್ಟು ವಿದ್ಯುತ್ ಕೊಡಬೇಕು ಎನ್ನುವುದಕ್ಕೆ. ಪ್ಯಾನೆಲ್ಲಿನ ತಯಾರಿಕೆಯ ದೋಷಕ್ಕೆ ಬೇರೆ ಅವಧಿ, ಇನ್ವರ್ಟರ್‌ಗೆ ಬೇರೆ, ಬ್ಯಾಟರಿಗೆ ಇನ್ನೂ ಕಡಿಮೆ. ಬ್ಯಾಟರಿಯ ಮೇಲೆ ‘36+24’ ಎಂದು ಬರೆದಿದ್ದರೆ ಐದು ವರ್ಷ ಪೂರ್ತಿ ಉಚಿತ ಎಂದು ತಿಳಿಯಬೇಡಿ. ಮೊದಲ 36 ತಿಂಗಳು ಬದಲಿ ಕೊಡುತ್ತಾರೆ, ಆಮೇಲಿನ 24 ತಿಂಗಳು ಹೊಸದರ ಬೆಲೆಯಲ್ಲಿ ಸ್ವಲ್ಪ ಕಡಿಮೆ ಮಾಡುತ್ತಾರೆ, ಅಷ್ಟೆ.

ಬಿಲ್ಲು ಜಿಎಸ್‌ಟಿ ನಂಬರ್ ಇರುವ ಪಕ್ಕಾ ಬಿಲ್ಲೇ ಆಗಬೇಕು. “ಬಿಲ್ ಬೇಡ ಅಂದ್ರೆ ಮೂರು ಸಾವಿರ ಕಡಿಮೆ ಮಾಡ್ತೀನಿ” ಎನ್ನುತ್ತಾರೆ. ಆ ಮೂರು ಸಾವಿರಕ್ಕೆ ನೀವು ವಾರಂಟಿಯನ್ನೇ ಮಾರಿದ ಹಾಗೆ. ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ ಮೂರರ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಇರಲಿ. ಹಾಕುವ ದಿನ ಮೊಬೈಲಿನಲ್ಲಿ ಆ ನಂಬರಿನ ಫೋಟೋ ತೆಗೆದು ಬಿಲ್ಲಿನ ಜೊತೆ ತಾಳೆ ನೋಡಿ. ವಾರಂಟಿ ಕಾರ್ಡಿಗೆ ತಾರೀಖು, ಸೀಲು, ಸಹಿ ಅವರೆದುರೇ ಹಾಕಿಸಿ.

ದುಡ್ಡು ಒಂದೇ ಸಲ ಕೊಡಬೇಡಿ. ಸಂಘಗಳಿಗೆ ನಾವು ಹೇಳುವುದು ಹೀಗೆ: ಸ್ವಲ್ಪ ಅಡ್ವಾನ್ಸ್, ಸಾಮಾನು ಮನೆಗೆ ಬಂದ ಮೇಲೆ ದೊಡ್ಡ ಪಾಲು, ಹಾಕಿ ಉರಿಸಿ ತೋರಿಸಿದ ಮೇಲೆ ಮತ್ತೊಂದು, ಕೊನೆಯ ಹತ್ತರಲ್ಲಿ ಒಂದು ಪಾಲು ಒಂದು ತಿಂಗಳು ಕಳೆದ ಮೇಲೆ. ಕೆಲವರು ಒಪ್ಪುವುದಿಲ್ಲ, ಚೌಕಾಸಿ ಮಾಡಬೇಕಾಗುತ್ತದೆ. ಸಂಘವೇ ಚೆಕ್ ಮೂಲಕ ನೇರ ಅಂಗಡಿಯ ಖಾತೆಗೆ ಕೊಟ್ಟರೆ ದಾಖಲೆಯೂ ಉಳಿಯುತ್ತದೆ. ನಾಲ್ಕೈದು ಸದಸ್ಯೆಯರು ಒಟ್ಟಿಗೆ ಹಾಕಿಸಿದರೆ ಮಾತು ನಡೆಯುತ್ತದೆ, ಬೆಲೆಯೂ ಇಳಿಯುತ್ತದೆ, ಒಂದು ಮನೆಗೆ ರಿಪೇರಿಗೆ ಬಂದವರು ನಾಲ್ಕು ಮನೆ ನೋಡಿ ಹೋಗುತ್ತಾರೆ.

ಹಾಕಿದ ಮೇಲೆ

ಹಾಕಿದವರು ಹೋಗುವ ಮುಂಚೆ ಅರ್ಧ ಗಂಟೆ ಕೂರಿಸಿ. ಯಾವ ದೀಪ ಕೆಂಪಾದರೆ ಏನರ್ಥ, ಯಾವ ಸ್ವಿಚ್ ಮೊದಲು ಆಫ್ ಮಾಡಬೇಕು, ಬ್ಯಾಟರಿ ನೀರಿನ ಮಟ್ಟ ಎಲ್ಲಿಯವರೆಗೆ, ಎಲ್ಲ ನಿಮ್ಮ ಕೈಯಲ್ಲೇ ಮಾಡಿ ತೋರಿಸಲಿ. “ಅಣ್ಣನಿಗೆ ಹೇಳಿದ್ದೀನಿ” ಅಂತ ಹೋಗುವುದು ಬೇಡ. ಅಣ್ಣ ಹಗಲೆಲ್ಲ ತೋಟದಲ್ಲಿರುತ್ತಾರೆ.

ಸೀಸದ ಬ್ಯಾಟರಿ ಮಲಗುವ ಕೋಣೆಯಲ್ಲಿ, ಒಲೆಯ ಹತ್ತಿರ, ಮಕ್ಕಳ ಕೈಗೆ ಸಿಗುವ ಕಡೆ ಇಡಬಾರದು. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಗಾಳಿ ಬರುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಒಳಗಿರುವುದು ಆಸಿಡ್. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿ ನೀರು, ಮಳೆ ನೀರು ಬೇಡ. ಹಾಕುವಾಗ ಕೈಗೆ ರಬ್ಬರ್ ಗ್ಲೌಸ್ ಇರಲಿ, ಸೆರಗು ಸಿಕ್ಕಿಸಿಕೊಳ್ಳಿ. ಪ್ಯಾನೆಲ್ಲಿನ ಧೂಳು, ಎಲೆ, ಹಕ್ಕಿಯ ಹಿಕ್ಕೆಯನ್ನು ಬೆಳಿಗ್ಗೆ ತಂಪು ಹೊತ್ತಿನಲ್ಲಿ ನೀರು ಹಾಕಿ ಮೆತ್ತಗೆ ಒರೆಸಿದರೆ ಸಾಕು. ಮಾಡು ಹತ್ತಿ ಬೀಳುವ ಸಾಹಸ ಮಾಡಬೇಡಿ.

ಕರೆದರೂ ಬರದಿದ್ದರೆ? ಮೊದಲು ಬರವಣಿಗೆಯಲ್ಲಿ ದೂರು ಕೊಡಿ, ವಾಟ್ಸಾಪ್ ಸಂದೇಶವಾದರೂ ಸರಿ, ಅಳಿಸಬೇಡಿ. ಆಮೇಲೆ ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯಂತೆ ನಾವು ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ತೊಂದರೆಯಾದ ಎರಡು ವರ್ಷದೊಳಗೆ ದೂರು ಹಾಕಬೇಕು. ಬಿಲ್ಲು ಇದ್ದರೆ ಅಲ್ಲಿ ನಮ್ಮ ಮಾತಿಗೆ ಬಲ.

ಹೊಲಿಗೆ ಅಕ್ಕನ ಹತ್ತಿರ ಬಿಲ್ಲು ಇರಲಿಲ್ಲವಾದ್ದರಿಂದ ಆ ದಾರಿ ಹಿಡಿಯಲು ಧೈರ್ಯ ಬರಲಿಲ್ಲ. ಸಂಘ ಕೂತು ಮಾತಾಡಿತು. ಒಂದಿಬ್ಬರು ಸಿಟ್ಟಾದರು, ಅವರ ಸಿಟ್ಟೂ ನ್ಯಾಯವೇ. ಕೊನೆಗೆ ಕಂತನ್ನು ಚಿಕ್ಕದು ಮಾಡಿ ಅವಧಿ ಹೆಚ್ಚಿಸಿಕೊಟ್ಟರು. ಪ್ಯಾನೆಲ್‌ಗಳನ್ನು ಮಾಡಿನಿಂದ ಇಳಿಸಿ ಅಂಗಳದ ಕಂಬಕ್ಕೆ ಹಾಕಿಸಿದ್ದಾಯಿತು. ಹೊಸ ಬ್ಯಾಟರಿಯನ್ನು ಅಕ್ಕ ಹೊಲಿಗೆಯ ದುಡ್ಡಿನಲ್ಲೇ ತಂದರು, ಈ ಸಲ ಬಿಲ್ಲಿಗೆ ಸೀರಿಯಲ್ ನಂಬರ್ ಬರೆಸುವವರೆಗೆ ಅಂಗಡಿಯ ಮೆಟ್ಟಿಲು ಇಳಿಯಲಿಲ್ಲವಂತೆ.

ಮುಂದಿನ ಸಭೆಗೆ

ಪ್ರತಿಯೊಬ್ಬರೂ ತಮ್ಮ ಮನೆಯ ಮೂರು ತಿಂಗಳ ಕರೆಂಟ್ ಬಿಲ್ ಮತ್ತು ಮೇಲೆ ಹೇಳಿದ ಲೆಕ್ಕದ ಹಾಳೆ ತನ್ನಿ. ಓದು ಬರಹ ಬಾರದವರಿಗೆ ಪಕ್ಕದವರು ಬರೆದುಕೊಡಲಿ. ನಿಮ್ಮ ಊರಿನಲ್ಲಿ ಈಗಾಗಲೇ ಸೋಲಾರ್ ಹಾಕಿಸಿದ ಮನೆ ಎಷ್ಟು, ಯಾರು ಹಾಕಿದ್ದು, ಈಗ ಉರಿಯುತ್ತಿದೆಯೇ ಇಲ್ಲವೇ ಎಂದು ವಿಚಾರಿಸಿ ನಡಾವಳಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಪಟ್ಟಿ ಮಾಡಿ. ಸೋಲಾರ್ ಸಾಲದ ಅರ್ಜಿ ಬಂದಿರುವ ಸಂಘಗಳು ಇಬ್ಬರು ಸದಸ್ಯೆಯರನ್ನು ಆರಿಸಿ ಹಳೇ ಮನೆಗಳನ್ನು ನೋಡಿ ಬರಲು ಕಳಿಸಿ, ಅವರ ಬಸ್ ಚಾರ್ಜನ್ನು ಸಂಘದ ಖರ್ಚಿಗೆ ಹಾಕಿ. ಅವರು ಬಂದು ವರದಿ ಹೇಳಿದ ಮೇಲೆಯೇ ಅರ್ಜಿಯ ಮೇಲೆ ಚರ್ಚೆ ಇಟ್ಟುಕೊಳ್ಳಿ.